ಪೇಟೆಂಟ್ ಸರ್ಚ್ ರಿಪೋರ್ಟಲ್ಲಿ ‘100% ಕ್ಲಿಯರ್’ ಅಂತ ಬರೆದುಕೊಟ್ಟರೆ ಅಲ್ಲೇ ನಿಲ್ಲಿಸಿ

ತೋಟದ ಕೆಲಸಕ್ಕೆ ಮಷಿನ್ ಮಾಡಿಸಿ ಪೇಟೆಂಟ್ ಹಾಕೋಣ ಅಂತಿರುವ ಕೊಡಗಿನವರು ಇದನ್ನ ಓದಿ, ಆಮೇಲೆ ದುಡ್ಡು ಕಳಿಸಿ. ಬರೀ ಸರ್ಚಿಗೆ 18,000 ರೂಪಾಯಿ ಹೋಯ್ತು. ಹೋದದ್ದಕ್ಕಿಂತ ಹೋದ ರೀತಿಗೆ ನಾಚಿಕೆ.

ಮಷಿನ್ ಕಾಳುಮೆಣಸಿನ ಗೊಂಚಲಿಂದ ಕಾಳು ಬಿಡಿಸುವಂಥದ್ದು, ಗೋಣಿಕೊಪ್ಪದ ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ್ದು. ತಿರುಗುವ ಡ್ರಮ್, ಮೇಲೆ ರಬ್ಬರ್ ಬೆರಳುಗಳು, ಕೆಳಗೆ ಜರಡಿ. ಇಂಥದ್ದು ಮೊದಲೇ ಇದೆಯಾ ನೋಡಿಕೊಡಿ ಅಂತ ಪೇಟೆಂಟ್ ಸರ್ಚ್ ಮಾಡಿಕೊಡೋರಿಗೆ ಹೇಳಿದ್ದಕ್ಕೆ ಹತ್ತೇ ದಿನಕ್ಕೆ 22 ಪುಟದ ರಿಪೋರ್ಟ್. ಸ್ಪೈರಲ್ ಬೈಂಡಿಂಗ್, ಬಣ್ಣದ ಚಾರ್ಟ್, ಕೊನೆಗೆ ದಪ್ಪಕ್ಷರದಲ್ಲಿ ‘100% ಕ್ಲಿಯರ್’. ಅಲ್ಲೇ ಅನುಮಾನ ಬರಬೇಕಿತ್ತು. ಅರ್ಜಿ ಹಾಕಿದವರು ಬೇಗ ಪ್ರಕಟಿಸಿ ಅಂತ ಕೇಳಿಕೊಳ್ಳದಿದ್ದರೆ 18 ತಿಂಗಳು ಅದು ಯಾರ ಕಣ್ಣಿಗೂ ಬೀಳಲ್ಲ. ಹಾಗಿರುವಾಗ 100% ಅನ್ನೋಕೆ ಯಾರಿಗೆ ಸಾಧ್ಯ?

17ನೇ ಪುಟ ನೋಡಿ ಹೊಟ್ಟೆ ಉರೀತು. ಪೇಟೆಂಟ್ ಆಫೀಸಿನ ಪೇಟೆಂಟ್ ಹುಡುಕುವ ಇನ್‌ಪಾಸ್ ಪುಟದ ಸ್ಕ್ರೀನ್‌ಶಾಟ್. ತುಂಬಿದ್ದು ಟೈಟಲ್ ಅನ್ನೋ ಒಂದೇ ಖಾನೆ, ಅದರಲ್ಲಿ ‘ಪೆಪ್ಪರ್ ಥ್ರೆಶಿಂಗ್ ಮಷಿನ್’. ಮೇಲೆ ಪಬ್ಲಿಶ್ಡ್, ಗ್ರಾಂಟೆಡ್ ಅಂತ ಎರಡು ಚೌಕ. ಟಿಕ್ ಇದ್ದದ್ದು ಗ್ರಾಂಟೆಡ್‌ಗೆ ಮಾತ್ರ. ಪ್ರಕಟವಾಗಿ ಇನ್ನೂ ಮಂಜೂರಾಗದೆ ಕೂತಿರೋ ಅರ್ಜಿಗಳು ಒಂದೂ ನೋಡಿಲ್ಲ! ಪುಕ್ಕಟೆ ಪುಟ ಅದು, ಯಾರು ಬೇಕಾದರೂ ತೆಗೆಯಬಹುದು. ಒಂದು ಟಿಕ್, ಮೂರು ಪದ, 18,000.

ಪೇಟೆಂಟ್ ಬರೆಯುವವರು ಟೈಟಲಲ್ಲಿ ಥ್ರೆಶರ್ ಅಂತಲೇ ಬರೀತಾರೆ ಅನ್ನೋ ಖಾತ್ರಿ ಇಲ್ಲ. ಸ್ಟ್ರಿಪ್ಪರ್, ಸೆಪರೇಟರ್, ಡಿಸ್ಟೆಮ್ಮರ್, ಏನಾದರೂ ಇರಬಹುದು. ಅದಕ್ಕೇ ವರ್ಗೀಕರಣದ ಕೋಡ್, ಅಂದ್ರೆ ಪೇಟೆಂಟ್‌ಗಳನ್ನ ಬಗೆಬಗೆಯಾಗಿ ವಿಂಗಡಿಸೋ ಗುರುತು ಹಿಡಿದು ಹುಡುಕಬೇಕು. ಹಣ್ಣಿನ ತೊಟ್ಟು ಬಿಡಿಸುವ ಯಂತ್ರಗಳು ಎ23ಎನ್ 15/02ರಲ್ಲಿ, ವಿಶೇಷ ಬೆಳೆಗಳನ್ನ ಒಕ್ಕುವ ಯಂತ್ರಗಳು ಎ01ಎಫ್ 11ರಲ್ಲಿ. ಗೂಗಲ್ ಪೇಟೆಂಟ್ಸಲ್ಲಿ ಮೊದಲನೇ ಕೋಡ್ ಹಾಕಿ ಜೊತೆಗೆ ‘ಪೆಪ್ಪರ್’ ಸೇರಿಸಿ ನೋಡಿದರೆ ಅರ್ಧ ಗಂಟೆಯೊಳಗೆ ಚೀನಾದ ಒಂದು ದಾಖಲೆ. ಚಿತ್ರ 2ರಲ್ಲಿ ಡ್ರಮ್, ಜರಡಿ, 4 ಅಂತ ಗೆರೆ ಎಳೆದು ತೋರಿಸಿದ ರಬ್ಬರ್ ಬೆರಳು. ಬೆರಳಿನ ಓರೆ ಕೂಡ ಅದೇ.

ರಿಪೋರ್ಟ್ ಕೊಟ್ಟವರಿಗೆ ಫೋನ್ ಮಾಡಿದರೆ ಬಂದ ಉತ್ತರಗಳನ್ನ ಕೇಳಿ.

“ಚೀನಾದ್ದು ಇಂಡಿಯಾದಲ್ಲಿ ಲೆಕ್ಕಕ್ಕೆ ಬರಲ್ಲ ಸರ್.” ಬರುತ್ತೆ. ಪ್ರಪಂಚದಲ್ಲಿ ಎಲ್ಲಿ ಪ್ರಕಟವಾಗಿದ್ದರೂ ನಿಮ್ಮದು ಹೊಸತಲ್ಲ. ಫೈಲ್ ಮಾಡಿದ್ದರೆ ಪರೀಕ್ಷಕರು ಇದನ್ನೇ ಮುಂದೆ ಇಡುತ್ತಿದ್ದರು.

“ಅದು ಲ್ಯಾಪ್ಸ್ ಆಗಿದೆ ಸರ್.” ಆಗಿರಲಿ. ಲ್ಯಾಪ್ಸ್ ಆದದ್ದನ್ನ, ಅಂದ್ರೆ ಹಕ್ಕು ಮುಗಿದುಹೋದದ್ದನ್ನ ನೋಡಿ ಮಷಿನ್ ಮಾಡಬಹುದು, ಅದಕ್ಕೆ ಹೊಸ ಪೇಟೆಂಟ್ ಸಿಗಲ್ಲ.

“ನೀವು ಹೇಳಿದ ಪದಕ್ಕೇ ಹುಡುಕಿದ್ದೀವಲ್ಲ ಸರ್?” ಇದಕ್ಕೆ ಏನಂತ ಹೇಳೋದು! ಯಾವ ಪದಕ್ಕೆ ಹುಡುಕಬೇಕು ಅಂತ ಕಂಡುಹಿಡಿಯೋದೇ ತಾನೇ ಅವರ ಕೆಲಸ?

ಕೊನೆಗೆ, “ಡಿಸೈನ್ ಹಾಕೋಣ ಸರ್, 12,000, ಅದೂ ಪೇಟೆಂಟೇ.” ಸುಳ್ಳು. ಡಿಸೈನಿಗೆ 2000ನೇ ಇಸವಿಯ ಬೇರೆ ಕಾಯ್ದೆ ಇದೆ, ಕಣ್ಣಿಗೆ ಕಾಣುವ ಆಕಾರಕ್ಕಷ್ಟೇ. ಡ್ರಮ್ ಕಾಳನ್ನ ಹೇಗೆ ಬಿಡಿಸುತ್ತೆ ಅನ್ನೋದಕ್ಕೆ ಅದರಿಂದ ಏನೂ ಸಿಗಲ್ಲ.

ದುಡ್ಡು ಕೊಡುವ ಮೊದಲು ಕೇಳಿ: ಯಾವ ಕೋಡ್, ಯಾವ ಡೇಟಾಬೇಸ್, ಯಾವ ತಾರೀಖಿನವರೆಗೆ. ಅವರ ಹೆಸರು ಪೇಟೆಂಟ್ ಆಫೀಸಿನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯಾ ನೋಡಿ. ಸಿಕ್ಕಿದ ದಾಖಲೆಯಲ್ಲಿ ಟೈಟಲ್ ಬಿಡಿ, ಮೊದಲನೇ ಕ್ಲೈಮ್ (ಯಾವುದಕ್ಕೆ ಹಕ್ಕು ಕೇಳಿದ್ದಾರೆ ಅನ್ನೋ ಭಾಗ) ಓದಿ, ಚಿತ್ರ ನೋಡಿ. ಮತ್ತೆ ದಯವಿಟ್ಟು, ಫೈಲ್ ಆಗೋ ಮೊದಲು ಮಷಿನ್ ವಿಡಿಯೋನ ಯೂಟ್ಯೂಬಿಗೆ ಹಾಕಬೇಡಿ, ನಿಮ್ಮ ವಿಡಿಯೋ ನಿಮಗೇ ಅಡ್ಡ ಬರುತ್ತೆ.

ದುಡ್ಡು ವಾಪಸ್ ಕೇಳಿದ ಮೆಸೇಜಿಗೆ ನೀಲಿ ಟಿಕ್ ಬಿದ್ದು ಒಂಬತ್ತು ದಿನ. ನಿನ್ನೆ ಉತ್ತರ ಬಂತು: “ಸರ್, ಫೈಲಿಂಗ್ ನಮ್ಮ ಹತ್ರಾನೇ ಮಾಡಿಸಿದ್ರೆ 5,000 ಕಮ್ಮಿ ಮಾಡ್ತೀವಿ.”