180 ದಿನಗಳ ಲೆಕ್ಕ: ಬ್ರಿಟನ್ನಿನ ಕಾಯಂ ವಾಸದ ಅರ್ಜಿಗಾಗಿ ಪಡೆದ ಸಲಹಾ ಸೇವೆಯ ವಿಮರ್ಶೆ

ಬ್ರಿಟನ್ನಿನಲ್ಲಿ ಕೆಲಸದ ವೀಸಾದ ಮೇಲೆ ಐದು ವರ್ಷ ಪೂರೈಸುವ ಹೊತ್ತಿಗೆ, ಎಲ್ಲರೂ ಐಎಲ್‌ಆರ್ ಎಂದೇ ಕರೆಯುವ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಲು, ನಾನು ಮತ್ತು ನನ್ನ ಪತ್ನಿ ಒಂದು ಖಾಸಗಿ ವಲಸೆ ಸಲಹಾ ಸಂಸ್ಥೆಯ ನೆರವು ಪಡೆದೆವು. ಅವರು ಪಡೆದ ಶುಲ್ಕ ವ್ಯಾಟ್ ಸೇರಿ 540 ಪೌಂಡ್. ಅರ್ಜಿಯ ನಮೂನೆ ತುಂಬುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಅದಕ್ಕಾಗಿಯೇ ಹಣ ಕೊಡಬೇಕಿದ್ದರೆ ನಾನು ಕೊಡುತ್ತಿರಲಿಲ್ಲ. ದೇಶದ ಹೊರಗೆ ಕಳೆದ ದಿನಗಳನ್ನು ಸರಿಯಾಗಿ ಎಣಿಸಿಕೊಡಲಿ ಎಂಬ ಒಂದೇ ಕಾರಣಕ್ಕೆ ಅವರ ಬಳಿ ಹೋದೆ. ಆದ್ದರಿಂದ ಈ ವಿಮರ್ಶೆಯೂ ಬಹುಮಟ್ಟಿಗೆ ಆ ಎಣಿಕೆಯ ಕುರಿತೇ ಇದೆ.

ನಿಯಮ ಓದಲು ಸರಳ. ಐದು ವರ್ಷಗಳಲ್ಲಿ ಯಾವುದೇ 12 ತಿಂಗಳ ಅವಧಿಯನ್ನು ತೆಗೆದುಕೊಂಡರೂ ಅದರಲ್ಲಿ 180ಕ್ಕಿಂತ ಹೆಚ್ಚು ದಿನ ಬ್ರಿಟನ್ನಿನ ಹೊರಗೆ ಇದ್ದಿರಬಾರದು. ತೊಡಕಿರುವುದು 'ಯಾವುದೇ' ಎಂಬ ಮಾತಿನಲ್ಲಿ. 2018ರ ಜನವರಿ 11ಕ್ಕೆ ಮೊದಲು ಸಿಕ್ಕ ವೀಸಾಗಳಿಗೆ ಅರ್ಜಿಯ ದಿನದಿಂದ ಹಿಂದಕ್ಕೆ ವರ್ಷ ವರ್ಷವಾಗಿ ಭಾಗಮಾಡಿ ನೋಡುತ್ತಿದ್ದರು. ಆಮೇಲೆ ಸಿಕ್ಕವುಗಳಿಗೆ ದಿನದಿಂದ ದಿನಕ್ಕೆ ಸರಿಯುವ 12 ತಿಂಗಳ ಲೆಕ್ಕ ಬಂತು. ಅಂದರೆ ಜನವರಿಯಿಂದ ಡಿಸೆಂಬರ್‌ವರೆಗೆ ಕೂಡಿ ನೋಡಿ ನೆಮ್ಮದಿಪಡುವ ಹಾಗಿಲ್ಲ.

ನನ್ನ ತಂದೆಯವರ ಕಾಯಿಲೆಯ ಕಾರಣ ನಾನು ಎರಡು ಬಾರಿ ದೀರ್ಘವಾಗಿ ಊರಿನಲ್ಲಿದ್ದೆ. ಮೊದಲ ಸಲ 2022ರ ಅಕ್ಟೋಬರ್ 4ರಂದು ಹೊರಟು ಡಿಸೆಂಬರ್ 20ಕ್ಕೆ ಮರಳಿದೆ. ಎರಡನೆಯ ಸಲ 2023ರ ಫೆಬ್ರುವರಿ 10ರಂದು ಹೊರಟು ಮೇ 14ಕ್ಕೆ ಮರಳಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಚೇರಿ ಕೆಲಸದ ಮೇಲೆ 18ರಿಂದ 26ರವರೆಗೆ ಬೇರೊಂದು ದೇಶಕ್ಕೆ ಹೋಗಿದ್ದೆ. ಸಂಸ್ಥೆಯ ಕಿರಿಯ ಸಿಬ್ಬಂದಿಯೊಬ್ಬರು ಮೊದಲು ಕಳಿಸಿದ ಪಟ್ಟಿಯಲ್ಲಿ 2022ಕ್ಕೆ 76 ದಿನ, 2023ಕ್ಕೆ 99 ದಿನ ಎಂದು ಬರೆದು, ಎರಡರ ಮುಂದೆಯೂ ಹಸಿರು ಗುರುತು ಹಾಕಿದ್ದರು. ಪ್ರತಿ ಪ್ರವಾಸದ ಎಣಿಕೆ ಸರಿಯಾಗಿತ್ತು, ಆದರೆ ಭಾಗಮಾಡಿದ ಕ್ರಮವೇ ತಪ್ಪಾಗಿತ್ತು. 2022ರ ಅಕ್ಟೋಬರ್ 5ರಿಂದ ಮುಂದಿನ 12 ತಿಂಗಳನ್ನು ನೋಡಿದರೆ ಮೂರೂ ಪ್ರವಾಸಗಳು ಅದರೊಳಗೇ ಬೀಳುತ್ತವೆ: 76, 92, 7, ಒಟ್ಟು 175. ಮಿತಿಗೆ ಉಳಿದದ್ದು ಐದೇ ದಿನ. ಇಂಥ ತಪ್ಪು ಇಂಥ ಸಂಸ್ಥೆಯಿಂದ ಆಗಬಾರದು. ಎಣಿಕೆಗೆಂದೇ ಹಣ ಕೊಟ್ಟವನು ತಾನೇ ಕುಳಿತು ಮತ್ತೆ ಎಣಿಸಬೇಕಾದದ್ದು ನನಗೆ ನಿಜವಾಗಿಯೂ ನೋವು ತಂದಿತು.

ನಾನು ಪತ್ರ ಬರೆದ ಮರುದಿನವೇ ಹಿರಿಯ ಸಲಹೆಗಾರರು ಕಡತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ಮುಂದೆ ನಡೆದ ಕೆಲಸವನ್ನು ಮನಸ್ಸು ತುಂಬಿ ಹೊಗಳುತ್ತೇನೆ. ಅವರು ನಮ್ಮ ಪಾಸ್‌ಪೋರ್ಟುಗಳ ಪ್ರತಿ ಪುಟದ ಸ್ಕ್ಯಾನ್ ತರಿಸಿಕೊಂಡು, ಭಾರತದ ವಿಮಾನ ನಿಲ್ದಾಣದ ಆಗಮನ ನಿರ್ಗಮನದ ಮೊಹರುಗಳನ್ನು ಒಂದೊಂದಾಗಿ ಟಿಕೆಟ್‌ಗಳ ಜೊತೆ ತಾಳೆ ನೋಡಿದರು. ಆಮೇಲೆ ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಮರಳಿದ ದಿನ ಮೇ 13 ಎಂದಿತ್ತು, ಏಕೆಂದರೆ ನಿರ್ಗಮನದ ಮೊಹರಿನಲ್ಲಿ ಹಾಗೆಯೇ ಇತ್ತು. ಆದರೆ ನಾನು ವಲಸೆ ಕೌಂಟರ್ ದಾಟಿದ್ದು ರಾತ್ರಿ ಹನ್ನೊಂದರ ಸುಮಾರಿಗೆ. ವಿಮಾನ ಹೊರಟದ್ದು ಮಧ್ಯರಾತ್ರಿ ಕಳೆದ ಮೇಲೆ. ಲಂಡನ್ನಿನಲ್ಲಿ ಇಳಿದದ್ದು 14ಕ್ಕೆ. ಹಳೆಯ ಬೋರ್ಡಿಂಗ್ ಪಾಸಿನ ಫೋಟೊ ಕೇಳಿ ಪಡೆದು ಅವರು ಅದನ್ನು ಖಚಿತಪಡಿಸಿಕೊಂಡರು.

ಹೊರಡುವ ದಿನ ಮತ್ತು ಮರಳುವ ದಿನ ಎರಡನ್ನೂ ಬಿಟ್ಟು, ನಡುವಿನ ಪೂರ್ಣ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನಿಯಮ. ಮೂರು ಪ್ರವಾಸಗಳ ಆ ಆರು ದಿನಗಳನ್ನೂ ಸೇರಿಸಿದ್ದರೆ ನನ್ನ ಮೊತ್ತ 181 ಆಗುತ್ತಿತ್ತು! ಆ ಸಂಖ್ಯೆಯನ್ನು ಅವರು ಫೋನಿನಲ್ಲಿ ಹೇಳಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಿತಿಯೊಳಗೇ ಇದ್ದರೂ ತಂದೆಯವರ ಆಸ್ಪತ್ರೆಯ ಪತ್ರಗಳನ್ನು ಕಡತದಲ್ಲಿಡಲು ಅವರು ಹೇಳಿದರು; ಹತ್ತಿರದ ಬಂಧುವಿನ ಜೀವಕ್ಕೆ ಅಪಾಯ ತರುವಂಥ ಕಾಯಿಲೆಯಿಂದಾದ ಗೈರುಹಾಜರಿಯನ್ನು ಪುರಾವೆಯಿದ್ದರೆ ಬದಿಗಿರಿಸಲು ಅವಕಾಶವಿದೆ ಎಂದು ವಿವರಿಸಿದರು.

ಪತ್ನಿಯ ವಿಷಯದಲ್ಲಿ ಮಾತ್ರ ಹಿರಿಯ ಸಲಹೆಗಾರರೂ ತಡಮಾಡಿದರು. ಅವಲಂಬಿತರಾಗಿ ಬಂದ ಸಂಗಾತಿಗೂ ಅದೇ 180 ದಿನಗಳ ಮಿತಿ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಅರ್ಜಿಗೆ ಎರಡೇ ವಾರ ಉಳಿದಿದ್ದಾಗ ಆಕೆಯ ಪ್ರವಾಸಗಳನ್ನು ಕೇಳಿದರು. ಎರಡನೆಯ ಸಲ ನಾನು ಮರಳಿದ ಮೇಲೂ ಆಕೆ 11 ದಿನ ಉಳಿದು ತಂದೆಯವರ ಆರೈಕೆ ಮಾಡಿದ್ದಳು. ಮೊದಲ ಸಲ ಆಕೆ ಬಂದಿರಲಿಲ್ಲವಾದ್ದರಿಂದ ಲೆಕ್ಕ 103ಕ್ಕೆ ನಿಂತಿತು.

ಐದು ವರ್ಷ ತುಂಬುವುದಕ್ಕೆ 28 ದಿನ ಮೊದಲೇ ಅರ್ಜಿ ಹಾಕಬಹುದು. ನಮಗೆ ವೀಸಾ ಸಿಕ್ಕದ್ದು 2020ರ ಸೆಪ್ಟೆಂಬರ್ 14ರಂದು. 2025ರ ಆಗಸ್ಟ್ 20ರಂದು ಅರ್ಜಿ ಸಲ್ಲಿಸಿದೆವು. ಬ್ರಿಟನ್ನಿನ ಬದುಕಿನ ಕುರಿತ 'ಲೈಫ್ ಇನ್ ದ ಯುಕೆ' ಪರೀಕ್ಷೆ, ಉದ್ಯೋಗದಾತರ ಪತ್ರ ಇವುಗಳ ಬಗ್ಗೆ ಸಂಸ್ಥೆ ಕೊಟ್ಟ ಸೂಚನೆಗಳು ಸಾಕಷ್ಟಿದ್ದವು, ವಿಶೇಷವೇನೂ ಇರಲಿಲ್ಲ. ಆಗ ತಲಾ 3,029 ಪೌಂಡ್ ಇದ್ದ ಸರ್ಕಾರಿ ಶುಲ್ಕದ ಮೇಲೆ ತಲಾ 1,000 ಪೌಂಡ್ ಕೊಟ್ಟು ಶೀಘ್ರ ತೀರ್ಮಾನದ ಸೇವೆ ಪಡೆಯಬೇಕೇ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಸಾಮಾನ್ಯ ಅರ್ಜಿಗೆ ಆರು ತಿಂಗಳವರೆಗೂ ಆಗಬಹುದು, ತೀರ್ಮಾನಕ್ಕೆ ಮೊದಲು ದೇಶ ಬಿಟ್ಟು ಪ್ರಯಾಣಿಸಿದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಭಾವಿಸಲಾಗುತ್ತದೆ, ತಂದೆಯವರ ಸ್ಥಿತಿ ನೋಡಿ ನೀವೇ ನಿರ್ಧರಿಸಿ ಎಂದರು. ನಾವು ಹಣ ಕಟ್ಟಿದೆವು. ಬಯೋಮೆಟ್ರಿಕ್ ಕೊಟ್ಟ ಮರುದಿನ ಪರವಾನಗಿ ಬಂತು.

ಆ ವರ್ಷದ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಶ್ವೇತಪತ್ರ ಹೊರಡಿಸಿ ಐದು ವರ್ಷದ ಕಾಯುವಿಕೆಯನ್ನು ಸಾಮಾನ್ಯವಾಗಿ ಹತ್ತಕ್ಕೆ ಏರಿಸುವ ಪ್ರಸ್ತಾಪ ಮಾಡಿತ್ತು, ಪರಿಚಿತರೆಲ್ಲ ಗಾಬರಿಯಲ್ಲಿದ್ದರು. ಆ ಗಾಬರಿಯನ್ನು ಬಳಸಿಕೊಂಡು ಅವರು ನಮ್ಮಿಂದ ಒಂದು ಪೆನ್ನಿಯನ್ನೂ ಹೆಚ್ಚಿಗೆ ಕೇಳಲಿಲ್ಲ. ಇಂಥ ಸಲಹೆ ಪಡೆಯುವವರು ಸಲಹೆಗಾರರು ವಲಸೆ ಸಲಹಾ ಪ್ರಾಧಿಕಾರದಲ್ಲಿ ನೋಂದಾಯಿತರೇ ಅಥವಾ ಸಾಲಿಸಿಟರ್ ಆಗಿರುವ ವಕೀಲರೇ ಎಂದು ಮೊದಲು ನೋಡಿಕೊಳ್ಳಬೇಕು. ಅರ್ಹತೆಯಿಲ್ಲದೆ ವಲಸೆ ಸಲಹೆ ಕೊಡುವುದು ಅಲ್ಲಿ ಅಪರಾಧ.

ಐದು ವರ್ಷಗಳಲ್ಲಿ ಒಂದೆರಡು ಸಣ್ಣ ರಜೆಗಳಷ್ಟೇ ಇದ್ದವರಿಗೆ ಈ ಸೇವೆ ಬೇಕಿಲ್ಲ. ನನ್ನ ಹಾಗೆ ಯಾವುದಾದರೂ 12 ತಿಂಗಳಲ್ಲಿ 150 ದಿನ ದಾಟಿದವರಿಗೆ ಬೇಕು, ಆದರೆ ಎಣಿಕೆಯನ್ನು ಹಿರಿಯ ಸಲಹೆಗಾರರೇ ಮಾಡಬೇಕೆಂದು ಮೊದಲೇ ಬರೆಸಿಕೊಳ್ಳಬೇಕು. ಕಡತ ಮುಚ್ಚುವ ದಿನ ಅವರು ಪೌರತ್ವಕ್ಕೆ ಬೇಕಾಗುವ ಮತ್ತೊಂದು ಪಟ್ಟಿಯನ್ನು ಉಚಿತವಾಗಿ ಕಳಿಸಿದರು: ಅಲ್ಲಿ ಐದು ವರ್ಷಕ್ಕೆ 450 ದಿನ, ಕೊನೆಯ ವರ್ಷಕ್ಕೆ 90 ದಿನ ಮಿತಿ. ನನ್ನ ಹೆಸರಿನ ಕೆಳಗೆ ಮೊದಲ ಸಾಲಿನಲ್ಲಿ ಆ 175 ದಿನಗಳನ್ನು ಆಗಲೇ ಬರೆದಿಟ್ಟಿದ್ದರು.