ಕಾರಾ ರೂಟ್ ಸರ್ಚ್: ಅರ್ಜಿ ಸಲೀಸು, ಉತ್ತರ ಅರ್ಧಂಬರ್ಧ

ದತ್ತು ಹೋದವರು ದೊಡ್ಡವರಾದ ಮೇಲೆ ಹೆತ್ತವರ ಸುಳಿವು ಕೇಳಲು ಸರ್ಕಾರ ಇಟ್ಟಿರುವ ಬಾಗಿಲು ಕಾರಾದ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ) ರೂಟ್ ಸರ್ಚ್, ಅಂದರೆ ಮೂಲದ ಹುಡುಕಾಟ. 18 ತುಂಬಿದವರು ಆನ್‌ಲೈನಿನಲ್ಲಿ ತಾವೇ ಅರ್ಜಿ ಹಾಕಬಹುದು, ಸಾಕಿದವರ ಸಹಿ ಬೇಕಿಲ್ಲ. ಇಲ್ಲಿಯವರೆಗೆ ಹೆಸರಿಡುವಂಥದ್ದೇನಿಲ್ಲ.

ತೊಡಕಿರುವುದು ಯಾವ ಕಾಗದ ಕೇಳಬೇಕು ಎಂಬಲ್ಲಿ. ಕಲಬುರಗಿ ಕಡೆಯಿಂದ ದತ್ತು ಹೋದವರು ಜನನ ಪ್ರಮಾಣಪತ್ರಕ್ಕಾಗಿ ಅಲ್ಲಿನ ಪಾಲಿಕೆಗೆ ಅಲೆದು ಫಾಯದೆ ಇಲ್ಲ. ದತ್ತು ಆದೇಶದ ಮೇಲೆ ಕೊಡುವ ಪ್ರಮಾಣಪತ್ರದಲ್ಲಿ ತಂದೆ-ತಾಯಿ ಎಂದು ಸಾಕಿದವರ ಹೆಸರೇ ಇರುತ್ತದೆ. ಕೇಳಬೇಕಾದದ್ದು ದತ್ತು ಸಂಸ್ಥೆಯ ಕಡತ. ಹೆತ್ತವರೇ ಒಪ್ಪಿಸಿದ್ದರೆ ಅದರಲ್ಲಿ ಒಪ್ಪಿಸಿದ ಪತ್ರ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲೋ ಗುಡಿ ಕಟ್ಟೆಯ ಮೇಲೋ ಸಿಕ್ಕ ಮಗುವಾದರೆ ಪೊಲೀಸ್ ವರದಿ, ಪತ್ರಿಕಾ ಪ್ರಕಟಣೆ, ಸಿಕ್ಕ ಜಾಗ, ದಿನ, ಅಷ್ಟೇ. ಹುಟ್ಟಿದ ತಾರೀಖು ಕೂಡ ಡಾಕ್ಟರ ಅಂದಾಜು.

ಹುಡುಕುವಾಗ 'ಗುಲ್ಬರ್ಗಾ' ಎಂಬ ಹೆಸರನ್ನೂ ಕೊಡಿ. 2014ರ ಹಿಂದಿನ ಕಾಗದಗಳಲ್ಲಿ ಇರುವುದು ಅದೇ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ, ಹಾಗಾಗಿ ಅದಕ್ಕೂ ಹಳೆಯ ಪ್ರಕರಣಕ್ಕೆ ಕಲಬುರಗಿಯಲ್ಲೇ ವಿಚಾರಿಸಿ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಜಿಲ್ಲಾಧಿಕಾರಿಯದ್ದು, ಅದಕ್ಕೂ ಮೊದಲಿನದು ಕೋರ್ಟಿನದು.

ನೆಂಟರೊಳಗೇ ಹಿಂದೂ ದತ್ತಕ ಕಾಯ್ದೆಯಡಿ ದತ್ತು ಆಗಿದ್ದರೆ ಕಾರಾ ಯಾಕೆ? ದತ್ತಕ ಪತ್ರ ನೋಂದಣಿಯಾಗಿದ್ದರೆ ಸಬ್ ರಜಿಸ್ಟ್ರಾರ್ ಕಚೇರಿಯ 4ನೇ ಪುಸ್ತಕ (ಸ್ಥಿರಾಸ್ತಿಗೆ ಸಂಬಂಧಿಸದ ಇತರ ಪತ್ರಗಳ ದಾಖಲೆ) ನೋಡಿಸಿ. ಅದರ ನಕಲು ಎಲ್ಲರಿಗೂ ಕೊಡುವುದಿಲ್ಲ, ಬರೆದುಕೊಟ್ಟವರಿಗೆ ಮತ್ತು ಆ ಪತ್ರದಿಂದ ಹಕ್ಕು ಪಡೆದವರಿಗೆ ಮಾತ್ರ. ದತ್ತು ಮಗ, ಮಗಳು ಕೇಳಬಹುದು.

ಇನ್ನು ನಿಜವಾದ ಜಗಳ. ಒಪ್ಪಿಸುವಾಗ ಹೆತ್ತವರು ಗುಟ್ಟು ಕಾಯಿರಿ ಎಂದಿದ್ದರೆ ಈಗ ಅವರ ಒಪ್ಪಿಗೆ ಪಡೆಯಬೇಕು. ಬೇಡವೆಂದರೆ, ಅಥವಾ ಅವರು ಸಿಗದಿದ್ದರೆ, ಒಪ್ಪಿಸಿದ ಕಾರಣ, ಆಗಿನ ಪರಿಸ್ಥಿತಿ ಮಾತ್ರ ತಿಳಿಸುತ್ತಾರೆ. ಇಂಗ್ಲೆಂಡಿನಲ್ಲಿ 1975ರ ಕಾಯ್ದೆ ಬಂದಂದಿನಿಂದ, ಸ್ಕಾಟ್ಲೆಂಡಿನಲ್ಲಿ ಅದಕ್ಕೂ ಬಹಳ ಮೊದಲಿಂದ, ವಯಸ್ಕರಿಗೆ ಮೂಲ ದಾಖಲೆ ಕೇಳುವ ಹಕ್ಕಿದೆ. ನಮ್ಮ ನಿಯಮ ತಾಯಿಯ ಕಡೆ ವಾಲಿದ್ದು ತಪ್ಪಲ್ಲ, ಆದರೆ ಒಪ್ಪಿಗೆ ಕೇಳುವ ರೀತಿಯಲ್ಲೇ ಎಡವಟ್ಟಾಗಬಹುದು. ಸೇಡಂ ಕಡೆಯ ಹಳ್ಳಿಯೊಂದಕ್ಕೆ ಸರ್ಕಾರಿ ಜೀಪು ಬಂದು ಕಟ್ಟೆ ಮೇಲೆ ಕೂತವರನ್ನು 'ಇಂಥವ್ರ ಮನಿ ಎಲ್ಲದರೀ' ಎಂದು ಕೇಳಿದರೆ ಗುಟ್ಟು ಅಲ್ಲೇ ರಟ್ಟು. ಬೇರೆ ನೆಪದಲ್ಲಿ, ಒಬ್ಬರೇ ಮಹಿಳಾ ಸಿಬ್ಬಂದಿ ಹೋಗಲಿ ಎಂದು ಅರ್ಜಿಯ ಜೊತೆಗೇ ಬರೆದು ಕೇಳಿಕೊಳ್ಳಿ.

ಅರ್ಜಿ ವ್ಯವಸ್ಥೆಗೆ 5ಕ್ಕೆ 4, ಉತ್ತರಕ್ಕೆ 2. ಹುಡುಕಿಕೊಡುತ್ತೇನೆ ಎಂದು ರೊಕ್ಕ ಕೇಳುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಮೂರನೆಯವರ ಮೂಲಕ ಹುಡುಕಾಟಕ್ಕೆ ನಿಯಮದಲ್ಲಿ ಅವಕಾಶವೇ ಇಲ್ಲ.