ಕೇಳಿದ್ದು ಬಾಬ್‌ಕ್ಯಾಟ್, ಬಂದದ್ದು ಬೇರೆ: ಎರಡು ಪುಟ್ಟ ಲೋಡರ್‌ಗಳ ಹೋಲಿಕೆ

ನಾನು ಹಳೇ ಗಾಡಿಯ ಕಡೆಯವನು. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಆಮೇಲೆ ಪಕ್ಷಪಾತ ಅಂತ ಬೈಯಬೇಡಿ. ಒಂದು ಕಡೆ 1970ರ ದಶಕದ ಬಾಬ್‌ಕ್ಯಾಟ್ ಎಂ-610, ಮುಂದೆ ಬಕೆಟ್ ಇಟ್ಟುಕೊಂಡು ಮಣ್ಣು, ಜಲ್ಲಿ ಎತ್ತಿ ಹಾಕುವ ಪುಟ್ಟ ಲೋಡರ್. ಪಕ್ಕದ ಊರಿನ ರೈತರೊಬ್ಬರ ಕೊಟ್ಟಿಗೆಯಿಂದ 4,200 ಡಾಲರ್‌ಗೆ ತಂದದ್ದು. ಇನ್ನೊಂದು ಕಡೆ ಹೋದ ವರ್ಷ ಎರಡು ದಿನಕ್ಕೆ ಬಾಡಿಗೆಗೆ ತಂದ ಹೊಸ ಲೋಡರ್. ಅದರ ಕಂಪನಿ ಹೆಸರು ಬೇಡ, ತಪ್ಪು ಗಾಡಿಯದ್ದಲ್ಲ.

ನಾವಿರುವುದು ಅಮೆರಿಕದ ಮಿನೆಸೋಟಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ. ಮನೆ ಸುತ್ತ ಮೂರು ಎಕರೆ ಜಾಗ, ಎಂಟು ಮೇಕೆ. ಚಳಿಗಾಲದಲ್ಲಿ ಹಿಮ ಎತ್ತಬೇಕು, ಉಳಿದ ದಿನ ಗೊಬ್ಬರ, ಜಲ್ಲಿ. ಬಾಡಿಗೆ ಅಂಗಡಿಗೆ ಫೋನ್ ಮಾಡಿ "ಒಂದು ಬಾಬ್‌ಕ್ಯಾಟ್ ಬೇಕಿತ್ತು" ಅಂದೆ. "ಬೆಳಿಗ್ಗೆ ಎಂಟಕ್ಕೆ ತಂದಿಳಿಸುತ್ತೇವೆ" ಅಂದರು. ಹೇಳಿದ ಹೊತ್ತಿಗೆ ಸರಿಯಾಗಿ ತಂದರು. ಬೇರೆ ಕಂಪನಿಯದ್ದು ತಂದರು. ಇಲ್ಲಿ ಆ ಗಾತ್ರದ ಲೋಡರ್ ಯಾವುದಾದರೂ ಜನರ ಬಾಯಲ್ಲಿ ಬಾಬ್‌ಕ್ಯಾಟೇ. ನಮ್ಮಲ್ಲಿ ಮಣ್ಣು ಅಗೆಯುವ ಗಾಡಿ ಯಾರದ್ದೇ ಆದರೂ ಜೆಸಿಬಿ ಅನ್ನಲ್ವಾ, ಹಾಗೆ.

ಹೆಸರು ಏನಾದರೂ ಇರಲಿ, ಕೆಲಸ ಆದರೆ ಸಾಕು ಅಂದುಕೊಂಡೆ. ಅಲ್ಲೇ ಎಡವಿದ್ದು.

ಈ ಲೋಡರ್‌ಗಳಿಗೆ ಸ್ಟೀರಿಂಗ್ ಚಕ್ರ ಇರುವುದಿಲ್ಲ. ಎಡಗಡೆಯ ಎರಡು ಚಕ್ರ ಒಂದು ಜೋಡಿ, ಬಲಗಡೆಯವು ಇನ್ನೊಂದು. ಎತ್ತಿನ ಗಾಡಿ ತಿರುಗಿಸುವಾಗ ಒಂದೆತ್ತನ್ನು ತಡೆದು ಇನ್ನೊಂದನ್ನು ನಡೆಸುತ್ತೇವಲ್ಲ, ಅದೇ ಲೆಕ್ಕ. ನಾನು ಕಲಿತದ್ದು ಪಕ್ಕದ ಮನೆಯವರ ಹಳೇ ಬಾಬ್‌ಕ್ಯಾಟ್‌ನಲ್ಲಿ. ಅದರಲ್ಲಿ ಎಡಗೈ ಲಿವರ್ ಎಡ ಚಕ್ರಗಳಿಗೆ, ಬಲಗೈ ಲಿವರ್ ಬಲ ಚಕ್ರಗಳಿಗೆ. ಬಕೆಟ್ ಪೂರ್ತಿ ಕಾಲಿನ ಪಾಲು. ಎಡಗಾಲಿನ ಹಿಮ್ಮಡಿ ಒತ್ತಿದರೆ ಬಕೆಟ್ ಹಿಡಿದ ತೋಳು ಮೇಲೆ, ಮುಂಗಾಲು ಒತ್ತಿದರೆ ಕೆಳಗೆ. ಬಕೆಟ್ ಮಗುಚುವುದು ಬಲಗಾಲು.

ಬಂದ ಗಾಡಿಯಲ್ಲಿ ಪೆಡಲ್ಲೇ ಇರಲಿಲ್ಲ. ಎರಡು ಜಾಯ್‌ಸ್ಟಿಕ್. ಓಡಿಸುವುದು ಪೂರ್ತಿ ಎಡಗೈ, ಬಕೆಟ್ ಪೂರ್ತಿ ಬಲಗೈ. ತಂದಿಳಿಸಿದ ಹುಡುಗ ಇದನ್ನು ಹೇಳಿದ್ದ ಕೂಡ, ನಾನೂ ತಲೆಯಾಡಿಸಿದ್ದೆ. ಆದರೆ ಕೈಗೆ ಬುದ್ಧಿ ಬರಬೇಕಲ್ಲ! ಮುಂದೆ ಹೋಗಲು ಅಭ್ಯಾಸಬಲದಿಂದ ಎರಡೂ ಕೈ ಮುಂದಕ್ಕೆ ತಳ್ಳಿದೆ. ಗಾಡಿ ಮುಂದೆ ಹೋಯಿತು, ಜೊತೆಗೇ ಬಕೆಟ್ಟೂ ಕೆಳಗಿಳಿದು ಮನೆ ಮುಂದಿನ ಡಾಂಬರನ್ನು ಒಂದು ಗೇಣು ಕೆತ್ತಿತು. ಗಾಬರಿಯಲ್ಲಿ ಎರಡೂ ಕೈ ಹಿಂದಕ್ಕೆ ಎಳೆದೆ. ಗಾಡಿ ಹಿಂದೆ, ಜಲ್ಲಿ ತುಂಬಿದ ಬಕೆಟ್ ತಲೆ ಮೇಲೆ. ನಿಲ್ಲಿಸಲು ಕಾಲಲ್ಲಿ ತಡಕಾಡಿದೆ. ಅಲ್ಲಿ ಬರೀ ತಗಡು.

ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. ಏನೂ ಅನ್ನಲಿಲ್ಲ, ಕಾರು ತೆಗೆದು ದೂರ ನಿಲ್ಲಿಸಿ ಬಂದಳು. ಎರಡನೇ ದಿನ ಸಂಜೆಗೆ ಕೈ ಸ್ವಲ್ಪ ಪಳಗಿತು. ಆಗ ಗಾಡಿ ವಾಪಸ್ ಕೊಡುವ ಹೊತ್ತು.

ಆಮೇಲೆಯೇ ಈ ಹೆಸರಿನ ಬೆನ್ನು ಹತ್ತಿದ್ದು. ಕಥೆ ಶುರುವಾಗುವುದು ನಮ್ಮ ಈ ಕಡೆಯ ರಾತ್ಸೆ ಅನ್ನುವ ಹಳ್ಳಿಯಲ್ಲಿ. ಅಲ್ಲಿ ಸಿರಿಲ್ ಕೆಲ್ಲರ್, ಲೂಯಿ ಕೆಲ್ಲರ್ ಅನ್ನುವ ಅಣ್ಣತಮ್ಮಂದಿರ ರಿಪೇರಿ ಅಂಗಡಿ ಇತ್ತು. ಟರ್ಕಿ ಕೋಳಿ ಸಾಕುವ ರೈತರೊಬ್ಬರು ಬಂದರು. ಅವರ ಕೋಳಿಮನೆಗೆ ಎರಡು ಅಂತಸ್ತು, ಒಳಗೆಲ್ಲ ಕಂಬ. ಮೇಲಿನ ಅಂತಸ್ತಿಗೆ ಏರುವಷ್ಟು ಹಗುರ, ಕಂಬದ ಸಂದಿಯಲ್ಲಿ ನಿಂತಲ್ಲೇ ತಿರುಗುವಂಥ ಗಾಡಿ ಬೇಕಿತ್ತು. 1957ರಲ್ಲಿ ಇವರು ಮಾಡಿಕೊಟ್ಟದ್ದಕ್ಕೆ ಮೂರೇ ಚಕ್ರ. ಹಿಂದಿನದು ಆಫೀಸ್ ಕುರ್ಚಿಯ ಗಾಲಿಯ ಹಾಗೆ ಎತ್ತ ಬೇಕಾದರೂ ತಿರುಗುವಂಥದ್ದು. ಮೊದಲು ಬೆಲ್ಟಿನಿಂದ ಓಡಿಸಿದರು, ಅದು ಬಾಳಿಕೆ ಬರಲಿಲ್ಲ, ಕ್ಲಚ್ಚಿಗೆ ಬಂದರು. ನನ್ನ ಎಂ-610 ಓಡುವುದೂ ಕ್ಲಚ್ಚಿನಲ್ಲೇ. (ಆ ಊರಿನಲ್ಲಿ ಈಗ ನಿಂತಿರುವುದು ಇಲ್ಲಿನ ಹುಲ್ಲುಗಾವಲಿನ ಪ್ರೇರಿ ಕೋಳಿಯ ಒಂದು ದೈತ್ಯ ಪ್ರತಿಮೆ. ಒಟ್ಟಿನಲ್ಲಿ ಕೋಳಿಯ ಋಣ.)

1958ರಲ್ಲಿ ಉತ್ತರ ಡಕೋಟಾದ ಗ್ವಿನ್ನರ್ ಊರಿನ ಮೆಲ್ರೋ ಕಂಪನಿ ಇದನ್ನು ಕೈಗೆತ್ತಿಕೊಂಡಿತು. ಆಗಿನ ಹೆಸರು ಎಂ-60, ಮೆಲ್ರೋ ಸೆಲ್ಫ್-ಪ್ರೊಪೆಲ್ಡ್ ಲೋಡರ್. ಆ ಹೆಸರು ಯಾರ ನಾಲಿಗೆ ಮೇಲೆ ನಿಲ್ಲುತ್ತೆ ಹೇಳಿ. 1960ರ ಎಂ-400ಕ್ಕೆ ನಾಲ್ಕು ಚಕ್ರ ಬಂತು, ಹೆಸರು ಮಾತ್ರ ಹಾಗೇ ಒಣಒಣ. 1962ರ ಎಂ-440ಕ್ಕೆ ಬಾಬ್‌ಕ್ಯಾಟ್ ಅಂತ ಹೆಸರಿಟ್ಟರು. ಇಲ್ಲಿನ ಕಾಡುಬೆಕ್ಕು ಅದು. ಗಟ್ಟಿ, ಚುರುಕು, ಸಲೀಸಾಗಿ ಮೈ ತಿರುಗಿಸುತ್ತೆ. ಇದೇ ರಾಜ್ಯದ ಓವಟೋನಾ ಊರಿನ ಕಂಪನಿಯೊಂದು ತನ್ನ ಲೋಡರ್‌ಗೆ ಮಸ್ಟ್ಯಾಂಗ್ ಅಂತ ಕಾಡುಕುದುರೆಯ ಹೆಸರಿಟ್ಟಿತು. ಕೇಸ್ ಅನ್ನುವ ಕಂಪನಿ 1969ರಲ್ಲಿ ಯೂನಿ-ಲೋಡರ್ ಅಂತ ತಂದಿತು. ಯೂನಿ-ಲೋಡರ್ ಕಳಿಸಿ ಅಂತ ಫೋನ್ ಮಾಡುವವರನ್ನು ನಾನಂತೂ ನೋಡಿಲ್ಲ. 1969ರಲ್ಲೇ ಮೆಲ್ರೋವನ್ನು ಕ್ಲಾರ್ಕ್ ಕಂಪನಿ ಕೊಂಡಿತು, 1995ರಲ್ಲಿ ಇಂಗರ್‌ಸಾಲ್ ರ‍್ಯಾಂಡ್, 2007ರಲ್ಲಿ ಕೊರಿಯಾದ ಡೂಸಾನ್. ಯಜಮಾನರು ಬದಲಾದರು, ಬೆಕ್ಕು ಮನೆ ಬಿಡಲಿಲ್ಲ. ಗ್ವಿನ್ನರ್‌ನಲ್ಲಿ ಕಾರ್ಖಾನೆ ಈಗಲೂ ಇದೆ.

ಮತ್ತೆ ಹೋಲಿಕೆಗೆ. ಹೊಸದು ಹೈಡ್ರೋಸ್ಟ್ಯಾಟಿಕ್, ಎಣ್ಣೆಯ ಒತ್ತಡದಲ್ಲಿ ಓಡುತ್ತೆ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ, ಸುಳ್ಳು ಹೇಳಲ್ಲ. ಹಳೇದು ಕ್ಲಚ್ ಹಿಡಿಯುವಾಗ ಸೊಂಟಕ್ಕೊಂದು ಗುದ್ದು ಕೊಡುತ್ತೆ.

ಹೊಸದಕ್ಕೆ ಗಾಜಿನ ಕ್ಯಾಬಿನ್, ಹೀಟರ್. ಹಳೇದಕ್ಕೆ ನನ್ನ ಮಂಗನ ಟೋಪಿ.

ಸದ್ದು: ಹಳೇದು ಜಾಸ್ತಿ. ತುಂಬಾ ಜಾಸ್ತಿ.

ಹತ್ತಿ ಇಳಿಯುವುದು ಎರಡರಲ್ಲೂ ಬಕೆಟ್ ದಾಟಿಕೊಂಡೇ. ಜೆಸಿಬಿಯವರು 1993ರಲ್ಲಿ ಎರಡರ ಬದಲು ಒಂದೇ ತೋಳಿನ, ರೋಬಾಟ್ ಅನ್ನುವ ಹೆಸರಿನ ಲೋಡರ್ ತಂದು ಪಕ್ಕದಲ್ಲಿ ಬಾಗಿಲಿಟ್ಟರು. ಮಂಡಿ ನೋವಿರುವವರು ಅದನ್ನು ನೋಡಿ.

ರಿಪೇರಿ: ಹಳೇದರ ಎಂಜಿನ್ ಕವರ್ ತೆಗೆದರೆ ಏನು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಹೊಸದರಲ್ಲಿ ಒಂದು ಸ್ಕ್ರೀನ್ ಕಾಣುತ್ತೆ.

ದಿನವಿಡೀ ಗಾಡಿಯಲ್ಲೇ ಕೂತು ದುಡಿಯುವವರಾದರೆ ಹೊಸದನ್ನೇ ತಗೊಳ್ಳಿ. ಈಗಿನ ಬಾಬ್‌ಕ್ಯಾಟ್‌ನಲ್ಲೂ ಜಾಯ್‌ಸ್ಟಿಕ್ ಸಿಗುತ್ತೆ, ಬುಕ್ ಮಾಡುವಾಗ ಹೆಸರು ಬಿಟ್ಟು ಕಂಟ್ರೋಲ್ ಯಾವುದು ಅಂತ ಕೇಳಿ. ನನ್ನದು ವಾರಕ್ಕೆ ಮೂರು ಗಂಟೆ ಕೆಲಸ. ಕಾಲಿಗೆ ಕೆಲಸ ಇಲ್ಲದಿದ್ದರೆ ನನಗೆ ಗಾಡಿ ಓಡಿಸಿದ ಹಾಗೇ ಅನ್ನಿಸುವುದಿಲ್ಲ. ಸುಮ್ನೆ ಸಾಲ ಮಾಡಿ ಹೊಸದು ತರಲು ಮನಸ್ಸೂ ಇಲ್ಲ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ತಿಪಟೂರಿನ ಅಪ್ಪನಿಗೆ ತೋರಿಸಿದೆ. ಬಾಬ್‌ಕ್ಯಾಟ್, ಕೆಲ್ಲರ್, ಟರ್ಕಿ ಕೋಳಿ, ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು: "ಇವ್ನು ಚಿಕ್ಕ ಜೆಸಿಬಿ ತಗೊಂಡಿದಾನೆ ಕಣೇ, ಬಾ ನೋಡು."